ವಿಮಾನದ ಹೊಟ್ಟೆಯ ಹದಿನಾಲ್ಕು ತೂತು

ಹನ್ನೆರಡನೆಯ ದಿನ ಮುಂಜಾನೆ ಮನೆಯಲ್ಲಿ ಯಾರೂ ಅಳಲಿಲ್ಲ. ಆರೂವರೆಗೆ ನಳ ಬಂತು. ಅತ್ತೆ ಹೀರಾಬಾಯಿ ಎಂದಿನಂತೆ ಕೊಡಗಳನ್ನು ಸಾಲಾಗಿ ಇಟ್ಟಳು. ಮಣ್ಣು ಕೊಡಲು ಬಂದು ದಿನಕರ್ಮದ ತನಕ ಉಳಿದಿದ್ದ ತೆಂಗಳಿಯ ನೆಂಟರು ಹಿಂದಿನ ಸಂಜೆಯೇ ಬಸ್ಸು ಹತ್ತಿದ್ದರು. ಅವರಿಗಾಗಿ ಹಾಸಿದ್ದ ಜಮಖಾನೆ ಪಡಸಾಲೆಯ ಮೂಲೆಯಲ್ಲಿ ಸುರುಳಿಯಾಗಿ ನಿಂತಿತ್ತು. ವಾಡಿ ಸ್ಟೇಷನ್ನಿನ ಕಡೆಯಿಂದ ಗೂಡ್ಸ್ ಗಾಡಿಯ ಡಬ್ಬಿಗಳು ಒಂದಕ್ಕೊಂದು ಗುದ್ದುವ ಸದ್ದು ಕೇಳಿಸುತ್ತಿತ್ತು. ಅಂಬಿಕಾ ಅಂಗಳದ ಪರಸಿಕಲ್ಲಿನ ಮೇಲೆ ಕೂತ ಸಿಮೆಂಟಿನ ಧೂಳನ್ನು ಗುಡಿಸಿದಳು. ನಿನ್ನೆ ಗುಡಿಸಿದ್ದಳೋ ಇಲ್ಲವೋ ನೆನಪಾಗಲಿಲ್ಲ. ಗಂಡ ಸತ್ತ ಮೇಲೆ ಅವಳಿಗೆ ದುಃಖ ಇನ್ನೂ ಬಂದಿರಲಿಲ್ಲ. ಜೋಮು ಹಿಡಿದ ಕಾಲಿನ ಹಾಗೆ ಮೈಯೆಲ್ಲ ಇತ್ತು, ಅಷ್ಟೇ.

ಎಂಟಕ್ಕೆ ಫೋನು ಬಂತು. ಸಂಗ್ರಹಾಲಯದ ಮ್ಯಾನೇಜರ್ ಶರಣಕುಮಾರ.

"ವೈನಿ, ಇಂಥಾ ಹೊತ್ತಿನಾಗ ಹೇಳಬಾರದು. ಗುರುವಾರ ಸಾಹೇಬರು ಬರ್ತಾರಂತ. ವಿಮಾನ ನೋಡ್ಲಿಕ್ಕ."

"ಬರ್ಲಿ."

"ನೀವು ಇರಬೇಕಂತ ಏನಿಲ್ಲ. ಆದ್ರ ಅಮರಣ್ಣ ಏನೇನು ಮಾಡ್ತಿದ್ದ ಅಂತ ಕೇಳಿದ್ರ ನನಗ ಹೇಳಾಕ ಬರಂಗಿಲ್ಲ. ನಾ ಕಾಗದದ ಮನಷ್ಯಾ."

ಚಿತ್ತಾಪುರ ರಸ್ತೆಯ ಬದಿಯಲ್ಲಿ, ಹಾಳುಬಿದ್ದ ಪರಸಿಕಲ್ಲಿನ ಗಣಿಯ ದಂಡೆಗೆ ಒಂದು ಟ್ರಸ್ಟಿನವರು ನಡೆಸುವ ಸಣ್ಣ ಸಂಗ್ರಹಾಲಯ ಅದು. ಒಳಗೆ ಬೀಸುಕಲ್ಲು, ಗಣಿಯ ಹಳೆಯ ಉಳಿ ಸುತ್ತಿಗೆ, ರೈಲಿನ ಕೈಸಿಗ್ನಲ್ಲು. ಹೊರಗೆ, ಬಯಲಲ್ಲಿ, ಒಂದು ವಿಮಾನ. ವಾಯುಪಡೆಯ ಹುಡುಗರಿಗೆ ಹಾರಲು ಕಲಿಸುತ್ತಿದ್ದ ಎರಡು ಸೀಟಿನ ಜೆಟ್ಟು, ಹೆಸರು ಕಿರಣ್. ನಾಲ್ಕು ವರ್ಷದ ಹಿಂದೆ ರೆಕ್ಕೆ ಕಳಚಿಕೊಂಡು ಉದ್ದನೆಯ ಲಾರಿಯ ಮೇಲೆ ಬೀದರದಿಂದ ಬಂದಿತ್ತು. ಚಿಂಚೋಳಿಯ ಘಾಟಿನಲ್ಲಿ ಒಂದು ಹಗಲು ಸಿಕ್ಕಿಬಿದ್ದಿತ್ತು. ಸೇಡಮ್ಮಿನಲ್ಲಿ ಜನ ಲಾರಿ ನಿಲ್ಲಿಸಿ, ಹೈದರಾಬಾದಿಗೆ ಟಿಕೀಟು ಎಷ್ಟು ಎಂದು ಡ್ರೈವರನನ್ನು ಕಾಡಿದ್ದರು. ಅದನ್ನು ಜೋಡಿಸಿ ನಿಲ್ಲಿಸಿದವನು, ನಾಲ್ಕು ವರ್ಷ ನೋಡಿಕೊಂಡವನು, ಐಟಿಐ ಕಲಿತ ಫಿಟ್ಟರ್ ಅಮರನಾಥ. ವಿಮಾನ ಕೊಟ್ಟವರು ವರ್ಷಕ್ಕೊಮ್ಮೆ ಒಬ್ಬ ಅಧಿಕಾರಿಯನ್ನು ಕಳಿಸುತ್ತಿದ್ದರು. ಸರಿ ಇದೆ ಎಂದರೆ ನಿಲ್ಲುತ್ತದೆ. ಇಲ್ಲ ಎಂದರೆ ಕತ್ತರಿಸಿ ಒಯ್ಯುತ್ತಾರೆ. ಹೋದ ಮೂರು ಸಲವೂ ಅಧಿಕಾರಿ ಸುತ್ತು ಹಾಕಿ, ಚಹಾ ಕುಡಿದು, ಅಮರನಾಥನ ಬೆನ್ನು ತಟ್ಟಿ ಹೋಗಿದ್ದ.

ವಿಮಾನದ ಮುಂದಿನ ಫಲಕದ ಬರಹ ಅಂಬಿಕಾಳದು. ಅವಳು ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳು, ಹೆಚ್ಚು ಬರೆಯುವವಳಲ್ಲ. ಐದು ಸಾಲು. ಕೊನೆಯ ಸಾಲು: 'ಸಂರಕ್ಷಣೆ: ಅಮರನಾಥ ಪೀರಪ್ಪ, ವಾಡಿ.' ಅವನು ಬಿಟ್ಟುಹೋದದ್ದರಲ್ಲಿ ಅವನ ಹೆಸರಿದ್ದ ವಸ್ತು ಅದೊಂದೇ. ಮಕ್ಕಳಿರಲಿಲ್ಲ. ಗುರುವಾರ ಅದು ಉಳಿಯಬೇಕು. ಹನ್ನೆರಡು ದಿನದಲ್ಲಿ ಅವಳಿಗೆ ಏನಾದರೂ ಬೇಕು ಅನ್ನಿಸಿದ್ದು ಅದೇ ಮೊದಲು.

ಗೂಟಕ್ಕೆ ತೂಗುಬಿದ್ದಿದ್ದ ಅವನ ಖಾಕಿ ಚೀಲವನ್ನು ಇಳಿಸಿದಳು. ಅದರಲ್ಲಿ ಮೆತ್ತನೆಯ ಹಳೆ ಬಟ್ಟೆ, ದಾರದಿಂದ ಕಟ್ಟಿದ ಬೇವಿನ ಕಡ್ಡಿಗಳು, ಕನ್ನಡಿ. ರೂಪಾಯಿಯಗಲದ ದುಂಡು ಕನ್ನಡಿ. ಎಳೆದರೆ ಉದ್ದವಾಗುವ ಉಕ್ಕಿನ ಕಡ್ಡಿಯ ತುದಿಗೆ ಕೂಡಿಸಿದ್ದು. ಕೈ ಹೋಗದ ಕಡೆ ಕಣ್ಣು ಹೋಗಲಿ ಎಂದು. ಅದು ಶಹಾಬಾದಿನ ಶಾಹನವಾಜನದು. ಬೀದರದಲ್ಲಿ ಇಪ್ಪತ್ತು ವರ್ಷ ಇದೇ ಜಾತಿಯ ವಿಮಾನಗಳ ಮೈ ರಿಪೇರಿ ಮಾಡಿ ನಿವೃತ್ತನಾದವನು. ಅಮರನಾಥನಿಗೆ ಕೆಲಸ ಕಲಿಸಿದವನು.

ಸಾಯುವ ನಾಲ್ಕು ದಿನ ಮೊದಲು, ಕಲಬುರಗಿಯ ಆಸ್ಪತ್ರೆಯಲ್ಲಿ, ರಕ್ತ ತೊಳೆಯುವ ಯಂತ್ರಕ್ಕೆ ಕೈಕೊಟ್ಟು ಮಲಗಿದ್ದ ಅಮರನಾಥ ಹೇಳಿದ್ದ: "ಚಾಚಾನ ಕನ್ನಡಿ ಕೊಟ್ಟು ಬಿಡು. ಕೊಡೋಕಿಂತ ಮೊದಲ ಒಮ್ಮೆ ವಿಮಾನದ ಹೊಟ್ಟಿ ನೋಡು."

"ಏನು ನೋಡಬೇಕು?"

"ನೋಡು. ನಿನಗ ತಿಳೀತದ."

ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಬಿದ್ದಾಗ ಪಕ್ಕದ ಮನೆಯ ಸಾಬಮ್ಮ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

"ಹೀರಾಬಾಯಿ, ಸೊಸಿ ಹೊಸ್ತಿಲ ದಾಟಾಕತ್ಯಾಳಲ್ಲ. ತಿಂಗಳಾರ ಆಗಬ್ಯಾಡೇನು?"

"ಆಕಿ ಗಂಡನ ಕೆಲಸಕ್ಕ ಹೊಂಟಾಳ," ಎಂದಳು ಹೀರಾಬಾಯಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ನೀ ಜ್ವಾಳದಾಗಿನ ಹರಳ ಆರ್ಸು. ಮುಂದಿನ ಹಲ್ಲು ಎರಡ ಉಳದಾವ."

ಸಾಬಮ್ಮ ನಕ್ಕಳು. ಹೀರಾಬಾಯಿ ನಗಲಿಲ್ಲ.

*

ಬಯಲಲ್ಲಿ ನಿಲ್ಲುವ ವಿಮಾನಕ್ಕೆ ಬಿಸಿಲಿಗಿಂತ ನೀರು ದೊಡ್ಡ ಶತ್ರು ಎಂದು ಅಮರನಾಥ ಹೇಳುತ್ತಿದ್ದ. ಮಳೆ ಹೇಗಾದರೂ ಒಳಗೆ ಹೋಗಿಯೇ ಹೋಗುತ್ತದೆ. ಗಾಜಿನ ಅಂಚಿನಲ್ಲಿ, ತಗಡಿನ ಸಂದಿನಲ್ಲಿ. ಅದನ್ನು ತಡೆಯುವುದು ಆಗದ ಮಾತು. ಹೋದದ್ದು ಹೊರಗೆ ಬರಬೇಕು, ಅಷ್ಟೇ. ಅದಕ್ಕೇ ಮಾಡಿದವರು ಹೊಟ್ಟೆಯ ಅಡಿಯಲ್ಲಿ ಬಟಾಣಿ ಕಾಳಿನಷ್ಟು ತೂತು ಬಿಟ್ಟಿರುತ್ತಾರೆ, ಇದಕ್ಕೆ ಹದಿನಾಲ್ಕು. ಈ ಸೀಮೆಯಲ್ಲಿ ಸಿಮೆಂಟಿನ ಧೂಳು ಕೂತು, ಇಬ್ಬನಿಗೆ ಹೆಪ್ಪುಗಟ್ಟಿ, ಆ ತೂತುಗಳು ತಿಂಗಳೊಳಗೆ ಕಟ್ಟಿಕೊಳ್ಳುತ್ತಿದ್ದವು. ತಿಂಗಳಿಗೊಮ್ಮೆ ಅವನು ಅಂಗಾತ ಮಲಗಿ ಬೇವಿನ ಕಡ್ಡಿಯಿಂದ ಬಿಡಿಸುತ್ತಿದ್ದ. ಕಬ್ಬಿಣ ತಾಗಿಸಿದರೆ ತಗಡು ಗೀರುತ್ತದೆ ಎಂದು ಬೇವು.

ಅಂಬಿಕಾ ಸೆರಗು ಸಿಕ್ಕಿಸಿಕೊಂಡು ವಿಮಾನದ ಕೆಳಗೆ ತೂರಿ, ಅಂಗಾತ ಮಲಗಿದಳು. ತೂತು ಕಾಣಲಿಲ್ಲ. ಧೂಳನ್ನು ಬಟ್ಟೆಯಿಂದ ಒರೆಸಿದಳು. ತೂತು ಇರಬೇಕಾದಲ್ಲಿ ನುಣ್ಣನೆಯ ಬಿಳಿ ಬೊಟ್ಟು. ಮುಂದಕ್ಕೆ ಜರುಗಿ ಒರೆಸಿದಳು. ಅಲ್ಲೂ ಬೊಟ್ಟು. ಹದಿನಾಲ್ಕೂ ಹಾಗೆಯೇ. ಧೂಳು ಕಟ್ಟಿದ್ದಲ್ಲ, ಕಲಸಿ ತುಂಬಿದ ಬಿಳಿ ಸಿಮೆಂಟು. ಪ್ರತಿಯೊಂದರ ಮೇಲೂ ಹೆಬ್ಬೆರಳು ಒತ್ತಿದ ಗುರುತು. ಬೆರಳಿನ ನಟ್ಟನಡುವೆ ಒಂದು ಸೀಳು ಗೆರೆ.

ಆ ಹೆಬ್ಬೆರಳನ್ನು ಅವಳು ದಿನಾ ನೋಡುತ್ತಿದ್ದಳು. ಬಚ್ಚಲಿನ ನಳದ ಸುತ್ತ, ಒಲೆಯ ಹಿಂದೆ ಮುಚ್ಚಿದ ಇಲಿಬಿಲದ ಮೇಲೆ, ಅಂಗಳದ ನೀರಿನ ಟಾಕಿಯ ಅಂಚಿನಲ್ಲಿ. ಮಾವ ಪೀರಪ್ಪ ಹದಿನೆಂಟರ ವಯಸ್ಸಿನಲ್ಲಿ ಗಣಿಯಲ್ಲಿ ಉಳಿ ಜಾರಿ ಬಲಗೈ ಹೆಬ್ಬೆರಳು ಸೀಳಿಕೊಂಡಿದ್ದ. ಆಮೇಲೆ ಗೌಂಡಿಯಾದ. ಸೇಡಮ್ಮಿನಿಂದ ಶಹಾಬಾದಿನವರೆಗೆ ಊರೂರಿಗೆ ನೀರಿನ ಟಾಕಿ ಕಟ್ಟಿದ. ಕೆಲಸ ಮುಗಿದ ಮೇಲೆ ಕೊನೆಯ ಸಿಮೆಂಟನ್ನು ಹೆಬ್ಬೆರಳಿನಿಂದ ಒತ್ತಿದರೇ ಅವನಿಗೆ ಸಮಾಧಾನ.

ಅವಳಿಗೆ ನೆನಪಾಯಿತು. ಹೋದ ಆಷಾಢ, ಅಮರನಾಥನ ಎರಡೂ ಮೂತ್ರಪಿಂಡ ಕೈಕೊಟ್ಟು ಅವನು ಹಾಸಿಗೆ ಹಿಡಿದ ಹೊಸತು. 'ಮಳಿ ಹಿಡೀತು, ವಿಮಾನಕ್ಕ ನೀರು,' ಎಂದು ಜ್ವರದಲ್ಲಿ ಕನವರಿಸುತ್ತಿದ್ದ. ಪೀರಪ್ಪ ಮೂರು ದಿನ ಮನೆಯಲ್ಲಿರಲಿಲ್ಲ. ನಾಲ್ಕನೆಯ ದಿನ ಆಸ್ಪತ್ರೆಗೆ ಬಂದು ಮಗನ ತಲೆಯ ಹತ್ತಿರ ನೆಲಕ್ಕೆ ಕೂತಿದ್ದ.

"ಇನ್ನ ಕಾಳಜಿ ಬಿಡು ತಮ್ಮಾ. ನಿನ್ನ ಇಮಾನಕ್ಕ ನಾ ಬಂದೋಬಸ್ತ ಮಾಡಿ ಬಂದೀನಿ. ಕೆಳಗ ತೂತ ಬಿದ್ದಿದ್ವು, ಎಲ್ಲಾ ಬಂದ್ ಮಾಡೀನಿ. ಇಮಾನ ಅಂದ್ರೇನು, ರೆಕ್ಕಿ ಇರೋ ಟಾಕಿ. ನಲವತ್ತು ವರ್ಷ ಟಾಕಿ ಕಟ್ಟೀನಿ, ಒಂದು ಹನಿ ಸೋರಿದ್ದು ತೋರಸ್ಲಿ ಯಾರಾರ."

ಅಮರನಾಥ ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದ್ದ. "ಛಲೋ ಮಾಡಿದಿ ಅಪ್ಪಾ," ಎಂದು ಗೋಡೆಯ ಕಡೆ ಹೊರಳಿದ್ದ. ಅಂಬಿಕಾ ಆಗ ಔಷಧಿಯ ಚೀಟಿ ಓದುತ್ತಿದ್ದಳು. ತೂತು ಎಂಬ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಬೇವಿನ ಕಡ್ಡಿ ಮುರಿಯಿತು. ಮನೆಯ ಕೀಲಿಕೈಯಿಂದ ಒಂದು ಬೊಟ್ಟಿನ ಅಂಚನ್ನು ಕೆರೆದಳು. ಅರ್ಧ ಗಂಟೆಯ ಮೇಲೆ ಅದು ಬೆಣೆಯ ಹಾಗೆ ಇಡಿಯಾಗಿ ಬಂತು. ಅದರ ಹಿಂದೆ ನೀರು. ಮಳೆ ನಿಂತು ನಾಲ್ಕು ತಿಂಗಳಾಗಿತ್ತು. ಬಿಳುಚಿದ, ಸುಣ್ಣದ ವಾಸನೆಯ ನೀರು ಸಣ್ಣ ಎಳೆಯಾಗಿ ಅವಳ ತೋಳಿನ ಮೇಲೆ, ಕುತ್ತಿಗೆಯ ಮೇಲೆ ಸುರಿಯಿತು. ಅವಳು ಜರುಗಲಿಲ್ಲ. ಬಹಳ ಹೊತ್ತು ಸುರಿಯಿತು. ಮಾವ ಹೇಳಿದ್ದು ನಿಜ. ಒಂದು ಹನಿ ಸೋರಿರಲಿಲ್ಲ.

ವಿಮಾನದ ತಗಡು ಅಲ್ಯುಮಿನಿಯಮ್ಮಿನದು. ಹಸಿ ಸಿಮೆಂಟು ಅದನ್ನು ತಿನ್ನುತ್ತದೆಂದು ಅವಳೇ ಕಾಲೇಜಿನಲ್ಲಿ ಪಾಠ ಹೇಳಿಕೊಟ್ಟವಳು. ಆದರೂ ಎಲ್ಲ ತಿಂದಿರಲಾರದು ಎಂದುಕೊಂಡಳು. ನೀರು ಬಸಿದು, ಬಟ್ಟೆ ತೂರಿಸಿ ಒಣಗಿಸಿ, ಮೂರು ದಿನದಲ್ಲಿ ಏನಾದರೂ ಮಾಡಬಹುದು. ಹೊಟ್ಟೆಯ ಸಣ್ಣ ಬಾಗಿಲಿನ ತಿರುಪು ಬಿಚ್ಚಿ, ಮೊಬೈಲಿನ ದೀಪ ಹಿಡಿದು, ಕನ್ನಡಿಯನ್ನು ಒಳಗೆ ತೂರಿಸಿದಳು.

ಮೊದಲು ಬರೀ ಬಿಳಿ ಕಂಡಿತು. ಕಡ್ಡಿಯನ್ನು ಇನ್ನಷ್ಟು ಎಳೆದು, ಮೆಲ್ಲಗೆ ತಿರುಗಿಸಿದಳು. ತಗಡು ನೀರಿಗೆ ಬಿದ್ದ ಪುಸ್ತಕದಂತೆ ಹಾಳೆ ಹಾಳೆಯಾಗಿ ಬಿಚ್ಚಿಕೊಂಡಿತ್ತು. ಮೊಳೆಗಳ ತಲೆ ಉದುರಿಹೋಗಿದ್ದವು. ರೆಕ್ಕೆಯ ಭಾರ ಹೊರುವ ಅಡ್ಡತೊಲೆಯ ಬುಡ ಒಂದು ಹಿಡಿ ಬಿಳಿ ಪುಡಿಯ ಮೇಲೆ ಕೂತಿತ್ತು. ಹೊರಗಿನಿಂದ ನೋಡಿದವರಿಗೆ ವಿಮಾನ ನಿಂತೇ ಇತ್ತು, ಬಣ್ಣವೂ ಮಾಸಿರಲಿಲ್ಲ.

ಕನ್ನಡಿ ಹೊರಗೆ ತೆಗೆದು, ಹಾಗೆಯೇ ಮಲಗಿದ್ದಳು. ಗಂಡನಿಗೆ ಗೊತ್ತಿತ್ತು. ಆಷಾಢದಲ್ಲೇ ಗೊತ್ತಿತ್ತು. ಶರಣಕುಮಾರನಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಆದರೆ ಯಾರು ಮುಚ್ಚಿದರು ಎಂಬ ಮಾತು ಬರುತ್ತಿತ್ತು. ಅಪ್ಪನ ಕಿವಿಗೆ ಹೋಗುತ್ತಿತ್ತು. ಏಳು ತಿಂಗಳು ಬಾಯಿ ಮುಚ್ಚಿಕೊಂಡು ಮಲಗಿದ್ದ. ನನಗಾದರೂ ಹೇಳಬಹುದಿತ್ತು ಎಂದು ಅವಳಿಗೆ ಅನ್ನಿಸಿತು. ಹೇಳಿದ್ದು ನಾಲ್ಕು ದಿನ ಉಳಿದಿದ್ದಾಗ, ಅದೂ ಅರ್ಧ.

ಆಮೇಲೆ ಕೀಲಿಕೈ ತೆಗೆದುಕೊಂಡು ಎರಡನೆಯ ಬೊಟ್ಟಿಗೆ ಕೈಹಚ್ಚಿದಳು. ವಿಮಾನ ಉಳಿಯಲಿ ಎಂದಲ್ಲ.

ಅಂದು ಸೋಮವಾರ ಐದು, ಮಂಗಳವಾರ ಆರು, ಬುಧವಾರ ಮೂರು. ಶರಣಕುಮಾರ ಒಮ್ಮೆ ಬಂದು ಬಗ್ಗಿ ನೋಡಿದ.

"ಏನ್ ಮಾಡಾಕತ್ತೀರಿ ವೈನಿ?"

"ಸ್ವಚ್ಛ ಮಾಡಾಕತ್ತೀನಿ."

"ಉಳೀತದಲ್ಲ?"

ಅವಳು ಮುಂದಿನ ಬೊಟ್ಟಿಗೆ ಜರುಗಿದಳು. ಬುಧವಾರ ಸಂಜೆ ಹದಿನಾಲ್ಕು ಬೆಣೆಗಳನ್ನು ಅಮರನಾಥನ ಬಟ್ಟೆಯಲ್ಲಿ ಕಟ್ಟಿ, ಹಿಂದಿನ ಗಣಿಯ ಹಸಿರು ನೀರಿಗೆ ಎಸೆದಳು. ತೂತುಗಳ ಅಂಚನ್ನು ಬೇವಿನ ಕಡ್ಡಿಯಿಂದ ಉಜ್ಜಿದಳು. ಹೆಬ್ಬೆರಳಿನ ಗುರುತು ಎಲ್ಲಿಯೂ ಉಳಿಯಲಿಲ್ಲ.

*

ಪೀರಪ್ಪ ಗುರುವಾರ ತಾನೂ ಬರುತ್ತೇನೆಂದ. ಬೇಡವೆನ್ನಲು ಅವಳಿಗೆ ಕಾರಣ ಸಿಗಲಿಲ್ಲ. ಇಸ್ತ್ರಿ ಮಾಡಿದ ಧೋತರ ಉಟ್ಟು, ಬಿಳಿ ಟೊಪ್ಪಿಗೆ ಹಾಕಿ, ಬಸ್ಸಿನಲ್ಲಿ ಕಿಟಕಿಯ ಪಕ್ಕ ನೆಟ್ಟಗೆ ಕೂತ. ಕಂಡಕ್ಟರ್ ಎಲ್ಲಿಗೆ ಎಂದರೆ "ನಮ್ಮ ಹುಡುಗನ ಇಮಾನ ನೋಡಾಕ" ಎಂದ.

ಅಧಿಕಾರಿ ಹೊಸಬ, ಮೂವತ್ತರ ಒಳಗಿನವನು. ಒಂದು ಸುತ್ತು ಹಾಕಿದ. ರೆಕ್ಕೆಯ ಬುಡಕ್ಕೆ ಬಂದು, ಕೆಳಗೆ ಬಗ್ಗಿ, ತಗಡನ್ನು ಬೆರಳಿನಿಂದ ಒತ್ತಿದ. ಹಪ್ಪಳದ ಹಾಗೆ ಒಳಗೆ ಹೋಯಿತು. ಕೈಯ ಬಿಳಿ ಪುಡಿಯನ್ನು ನೋಡಿಕೊಂಡು ಕರವಸ್ತ್ರಕ್ಕೆ ಒರೆಸಿದ. ದೀಪ ಹಚ್ಚಿ ಒಳಗೆ ನೋಡಿದ. ಎದ್ದು ಶರಣಕುಮಾರನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ: ರೆಕ್ಕೆ ಯಾವತ್ತು ಬೇಕಾದರೂ ಬೀಳಬಹುದು, ಕೆಳಗೆ ಶಾಲೆಯ ಮಕ್ಕಳು ನಿಲ್ಲುತ್ತಾರೆ, ಸೋಮವಾರವೇ ಕತ್ತರಿಸಿ ಒಯ್ಯುವ ವ್ಯವಸ್ಥೆ ಮಾಡುತ್ತೇನೆ. ಮೂಗಿನ ಭಾಗವನ್ನಾದರೂ ಬಿಡಿ ಎಂದು ಶರಣಕುಮಾರ ಕೇಳಿದ. ಅದೂ ಆಗದು ಎಂದ. ಕೊನೆಗೆ ಬೇಸರದಿಂದ ಹಿಂದಿಯಲ್ಲಿ ಅಂದ: "ಪೂರಾ ಸಾಲ್ ಕಿಸೀನೇ ದೇಖಾ ಹೀ ನಹೀ."

ಇಡೀ ವರ್ಷ ಯಾರೂ ನೋಡೇ ಇಲ್ಲ. ಆ ಮಾತು ಪೀರಪ್ಪನಿಗೆ ತಿಳಿಯಿತು.

"ಸಾಹೇಬ್ರ, ಹಂಗನ್ನಬ್ಯಾಡ್ರಿ. ನನ್ನ ಮಗ ಸಾಯೋತನಕ ಇದರ ಧ್ಯಾಸದಾಗ ಇದ್ದ. ಅವಗ ಆಗಲಿಲ್ಲಂತ ನಾ ಬಂದು ಮಾಡೀನಿ. ಒಂದು ಹನಿ ನೀರು ಹೋಗಧಾಂಗ. ಬರ್ರಿ, ತೋರಸ್ತೀನಿ."

ಧೋತರ ಮಣ್ಣಾಗುವುದನ್ನೂ ಲೆಕ್ಕಿಸದೆ ಅವನು ವಿಮಾನದ ಕೆಳಗೆ ಕುಕ್ಕರಗಾಲಲ್ಲಿ ಕೂತು ಕೈಯಿಂದ ತಡವಿದ. ಒಂದು ಕಡೆ ತಡವಿದ, ಇನ್ನೊಂದು ಕಡೆ. ಹೆಬ್ಬೆರಳಿನ ತುದಿ ತೂತಿನ ಅಂಚಿಗೆ ಸಿಕ್ಕಿತು.

"ತೂತ ತೆರದಾವಲ್ಲ," ಎಂದ. ದನಿ ಇಳಿದಿತ್ತು. "ನಾ ಬಂದ್ ಮಾಡಿದ್ದೆ. ಯಾರೋ ಕಿತ್ತಾರ. ಅದಕ್ಕ ನೀರು ಹೊಕ್ಕಾದ. ಯಾರು ಕಿತ್ತವರು?"

ಶರಣಕುಮಾರ ಅಂಬಿಕಾಳನ್ನು ನೋಡಿದ. ಮೂರು ದಿನ ಅವಳು ಅಲ್ಲಿ ಮಲಗಿದ್ದನ್ನು ಅವನು ಕಂಡಿದ್ದ. ಅಧಿಕಾರಿ ಅಷ್ಟರಲ್ಲಿ ಜೀಪಿನ ಹತ್ತಿರ ಹೋಗಿ ಕಾಗದ ಬರೆಯುತ್ತಿದ್ದ. ನಿಜ ಹೇಳಲು ಒಂದೇ ಮಾತು ಸಾಕಿತ್ತು. ಅವಳು ಮಾವನ ಕೈ ನೋಡಿದಳು. ಸೀಳು ಬೆರಳು ಇನ್ನೂ ತೂತಿನ ಮೇಲೇ ಇತ್ತು.

"ನಾ ತೆಗದೆ ಮಾವ."

"ನೀನ?"

"ಹೂಂ. ಸ್ವಚ್ಛ ಮಾಡೋಣಂತ."

ಪೀರಪ್ಪ ಬಹಳ ಹೊತ್ತು ಏಳಲಿಲ್ಲ. ಎದ್ದ ಮೇಲೆ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಇಷ್ಟ ಓದಿದಾಕಿ," ಎಂದ. "ಇಷ್ಟ ಓದಿ ಏನ್ ಮಾಡಿದೆವ್ವಾ. ಗಂಡನ ಕೆಲಸ ನೀರಾಗ ಹಾಕಿದಿ."

ವಾಪಸು ಬರುವಾಗ ಅವನು ಮುಂದಿನ ಸೀಟಿನಲ್ಲಿ ಕೂತ, ಅವಳು ಹಿಂದೆ. ಮನೆಯಲ್ಲಿ ಹೀರಾಬಾಯಿ ತಾಟು ಹಾಕಿದಳು. ಅಂಬಿಕಾ ತಂಬಿಗೆಯಲ್ಲಿ ನೀರು ತಂದಿಟ್ಟಳು. ಪೀರಪ್ಪ ತಂಬಿಗೆಯನ್ನು ನೋಡದೆ ಹೆಂಡತಿಗೆ ಹೇಳಿದ: "ಆಕಿ ಕೈಲಿ ನನಗ ನೀರು ಬ್ಯಾಡ. ನೀ ಕೊಡು."

ಹೀರಾಬಾಯಿ ಇಬ್ಬರ ಮುಖವನ್ನೂ ನೋಡಿದಳು. ತಂಬಿಗೆ ಚೆಲ್ಲಿ, ಬೇರೆ ತುಂಬಿ ತಂದಳು. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ.

*

ಸೋಮವಾರ ವಿಮಾನ ಕತ್ತರಿಸಿದರು. ಅಂಬಿಕಾ ಹೋಗಲಿಲ್ಲ. ಫಲಕವನ್ನು ಏನು ಮಾಡಲಿ ಎಂದು ಶರಣಕುಮಾರ ಫೋನಿನಲ್ಲಿ ಕೇಳಿದ. ಅಧಿಕಾರಿಯ ಕಾಗದದಲ್ಲಿ 'ನಿರ್ವಹಣೆಯ ನಿರ್ಲಕ್ಷ್ಯ' ಎಂದು ಬರೆದಿದೆ, ಅಮರಣ್ಣನ ಹೆಸರಿಲ್ಲ, ಆದರೆ ಓದಿದವರಿಗೆ ತಿಳಿಯುತ್ತದೆ ಎಂದೂ ಹೇಳಿದ. "ತೆಗೆದು ಬಿಡ್ರಿ," ಎಂದಳು. ಫಲಕವನ್ನೋ ಕಾಗದವನ್ನೋ ಎಂದು ಅವನು ಕೇಳಲಿಲ್ಲ.

ಮಂಗಳವಾರ ಮುಂಜಾನೆಯ ಪ್ಯಾಸೆಂಜರಿನಲ್ಲಿ ಶಹಾಬಾದಿಗೆ ಹೋದಳು. ಶಾಹನವಾಜ ಸ್ಟೇಷನ್ ರಸ್ತೆಯಲ್ಲಿ ತಗಡು ಬಡಿಯುವ ಪತ್ರಾ ಅಂಗಡಿ ಇಟ್ಟಿದ್ದ. ಕಪಾಟು, ಡ್ರಮ್ಮು ರಿಪೇರಿ. ಅಂಗಡಿಯ ಹಿಂಗೋಡೆಗೆ ನೀಲಿ ಬಳಿದ ಹಲಗೆ. ಅದರ ಮೇಲೆ ಪ್ರತಿ ಹತಾರದ ಆಕಾರವನ್ನು ಬಿಳಿ ಬಣ್ಣದಲ್ಲಿ ಬರೆದಿತ್ತು. ಹತಾರ ತೂಗುಬಿದ್ದರೆ ಬಿಳಿ ಮುಚ್ಚುತ್ತದೆ. ಯಾವುದಾದರೂ ಇಲ್ಲದಿದ್ದರೆ ದೂರದಿಂದಲೇ ಬಿಳಿ ಕಾಣುತ್ತದೆ. ಬೀದರದಲ್ಲಿ ಒಂದು ಪಾನಾ ಹಲಗೆಗೆ ಮರಳಿ ಬರದಿದ್ದರೂ ವಿಮಾನ ಹಾರಲು ಬಿಡುತ್ತಿರಲಿಲ್ಲವಂತೆ. ಯಾವುದರ ಹೊಟ್ಟೆಯಲ್ಲಿ ಉಳಿದಿದೆಯೋ ಎಂದು. ಅಲ್ಲಿ ಕಲಿತದ್ದನ್ನು ಇಲ್ಲಿ ಡ್ರಮ್ಮು ಬಡಿಯುವಾಗಲೂ ಬಿಟ್ಟಿರಲಿಲ್ಲ. ಹಲಗೆಯ ಮೇಲೆ ಒಂದೇ ಒಂದು ಬಿಳಿ ಕಾಣುತ್ತಿತ್ತು. ಉದ್ದನೆಯ ಗೆರೆ, ತುದಿಗೆ ದುಂಡು.

"ಬಾ ಬೇಟಿ, ಕುಂದ್ರು," ಎಂದ ಶಾಹನವಾಜ. "ಮಣ್ಣಿಗೆ ಬಂದಾಗ ಮಾತಾಡ್ಸಬೇಕಂತ ಇದ್ದೆ. ಬಾಯಿ ಬರಲಿಲ್ಲ."

"ನಿಮ್ಮ ಕನ್ನಡಿ, ಚಾಚಾ."

ಅವನು ಕಡ್ಡಿಯನ್ನು ಎಳೆದು ನೋಡಿದ, ಮಡಚಿದ. ಕೀಲಿನ ಸಂದಿನಲ್ಲಿ ಬಿಳಿ ಕಟ್ಟಿತ್ತು. ಉಗುರಿನಿಂದ ಕೆರೆದು, ಬೆರಳುಗಳ ನಡುವೆ ತಿಕ್ಕಿ, ಮೂಗಿಗೆ ಹಿಡಿದ.

"ವಿಮಾನ ಹೋತು ಅಂತ ಕೇಳಿದೆ. ಅಮರ್ ನಿಗಾ ಮಾಡಲಿಲ್ಲ ಅಂತ ಜನ ಅನ್ನಾಕತ್ತಾರ."

"ಅನ್ಲಿ."

"ಇದು ಧೂಳಲ್ಲ ಬೇಟಿ. ಕಲಸಿದ ಸಿಮೆಂಟ್."

ಹೊರಗೆ ಒಂದು ಲಾರಿ ಹೋಯಿತು. ಶಾಹನವಾಜ ಪೀರಪ್ಪನನ್ನು ಬಲ್ಲವನು; ಈ ಅಂಗಡಿಯ ಮೇಲಿನ ಟಾಕಿ ಕಟ್ಟಿದವನೂ ಪೀರಪ್ಪನೇ. ಅವನು ಏನೋ ಕೇಳಲು ಬಾಯಿ ತೆರೆದು, ಮೇಲೆ ಛತ್ತಿನ ಕಡೆ ನೋಡಿ, ಬೇರೆ ಕೇಳಿದ.

"ಅಮರ್‌ಗ ಗೊತ್ತಿತ್ತೇನು?"

"ಗೊತ್ತಿತ್ತು."

ಅವನು ಕನ್ನಡಿಯನ್ನು ತನ್ನ ಅಂಗಿಯ ತುದಿಯಿಂದ ಒರೆಸಿ, ಹಲಗೆಗೆ ಹಾಕದೆ, ಅವಳಿಗೇ ಮರಳಿ ಕೊಟ್ಟ.

"ಒಯ್ದವರ ಕೈಲೇ ತೂಗುಹಾಕಬೇಕು. ನಮ್ಮಲ್ಲಿ ಹಂಗ ಅದ. ಅವ ಇಲ್ಲ, ನೀ ಹಾಕು."

ಅವಳು ಎದ್ದು ಹಲಗೆಯ ಹತ್ತಿರ ಹೋಗಿ ಕನ್ನಡಿಯನ್ನು ಮೊಳೆಗೆ ಸಿಕ್ಕಿಸಿದಳು. ಕಡ್ಡಿಯನ್ನು ಪೂರ್ತಿ ಮಡಚಿದ್ದರಿಂದ ಬಿಳಿ ಗೆರೆ ಇನ್ನೂ ಅರ್ಧ ಕಾಣುತ್ತಿತ್ತು. ತೆಗೆದು, ಗುರುತು ಮುಗಿಯುವಷ್ಟು ಎಳೆದು, ಮತ್ತೆ ಮೊಳೆಗೆ ಸಿಕ್ಕಿಸಿದಳು. ಈಗ ಬಿಳಿ ಎಲ್ಲಿಯೂ ಕಾಣಲಿಲ್ಲ.